ಏಳನೆಯ ಹಾಳೆ

ನಾಸಿಕ
೮ ಜುಲೈ ೧೯೬೮

ತೀರ್ಥರೂಪ ಸಮಾನರಾದ ಶಿವರಾಯ ಮಾಮಾ ಅವರಿಗೆ ಅನಸೂಯಾ ಮಾಡುವ ನಮಸ್ಕಾರಗಳು.

ಮಳೆ ಹಿಡಿದು ನಾಲ್ಕು ದಿನವಾಯಿತು. ಅವ್ವ ಮಾತ್ರ ಇಗತಪುರಿಯ ಮಳೆಯ ಮುಂದೆ ಇದು ಮಳೆಯೇ ಅಲ್ಲ ಎನ್ನುತ್ತಾಳೆ. ಅಪ್ಪ ರೈಲ್ವೆಯಲ್ಲಿದ್ದಾಗ ಅಲ್ಲಿಯ ಕ್ವಾರ್ಟರ್ಸಿನ ಗೋಡೆಗೆ ಬೆಳೆಯುತ್ತಿದ್ದ ಪಾಚಿ ಕೂಡ ಅವಳಿಗೆ ಈಗ ವೈಭವದ ಹಾಗೆ ಕಾಣುತ್ತದೆ.

ಈಗ ಮುಖ್ಯ ಸುದ್ದಿ. ಶುಕ್ರವಾರ ನಮ್ಮ ನಕ್ಷೆ ಕಚೇರಿಗೆ ಔರಂಗಾಬಾದಿನಿಂದ ಉದ್ದನೆಯ ತಗಡಿನ ಕೊಳವೆ ಬಂತು. ಹೆಡ್ ಡ್ರಾಫ್ಟ್ಸ್‌ಮನ್ ಹರಿದಾಸರಾಯರು ಮುಚ್ಚಳ ತೆಗೆದು ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿದರು. ಖಾಮಝರಿ ಹೊಳೆಗೆ ಕಟ್ಟಲಿರುವ ಅಣೆಯ ಸರ್ವೆ, ಒಟ್ಟು ಒಂಬತ್ತು ಹಾಳೆ. ಪ್ರತಿಯೊಂದರ ಮೂಲೆಯಲ್ಲೂ ನಿಮ್ಮ ಸಹಿ! ನಾಲ್ಕು ವರ್ಷದಿಂದ ಯಾರ್‍ಯಾರದೋ ಗೆರೆ ಟ್ರೇಸ್ ಮಾಡಿದ ನನಗೆ ಕೊನೆಗೂ ನನ್ನ ಮಾಮಾ ಅಳೆದ ನೆಲ ಸಿಕ್ಕಿತು. ಈ ಕೆಲಸಕ್ಕೆ ನನ್ನನ್ನು ಹಚ್ಚಿದವರೂ ನೀವೇ ಅಲ್ಲವೇ? ಅವ್ವನಿಗೆ ಹೇಳಿದರೆ, “ನನ್ನ ತಮ್ಮಗ ಹದ್ದಿನ ಕಣ್ಣವ್ವಾ, ಅವ ಎಳದ ಗೆರಿ ತಪ್ಪತದೇನು?” ಎಂದಳು.

ಅಣೆ ತುಂಬಿದಾಗ ನೀರು ಎಲ್ಲಿಯವರೆಗೆ ಬಂದು ನಿಲ್ಲುತ್ತದೆಯೋ ಆ ಗೆರೆಯನ್ನು ದಪ್ಪ ನಿಬ್ಬಿನಲ್ಲಿ ಎಳೆಯಬೇಕು. ನಾವು ಇಲ್ಲಿ ಅದನ್ನು ನೀರಿನ ಗೆರೆ ಎನ್ನುತ್ತೇವೆ. ಒಳಗೆ ಬಿದ್ದ ಊರು ಏಳಬೇಕು, ಹೊರಗಿನದು ಉಳಿಯುತ್ತದೆ. ಅದನ್ನು ಎಳೆಯುವಾಗ ನಾನು ಉಸಿರು ಹಿಡಿದಿರುತ್ತೇನೆ.

ಒಂದು ಸಣ್ಣ ಸಂಶಯ. ಏಳನೆಯ ಹಾಳೆಯಲ್ಲಿ ಬೋರವಸ್ತಿ ಎಂಬ ಹಟ್ಟಿಯ ಹಿಂದೆ ಸಾಲಾಗಿ ಹದಿನೇಳು ಕಡೆ ನೆಲದ ಎತ್ತರ ಬರೆದಿದ್ದೀರಿ. ಒಂದಕ್ಕಿಂತ ಒಂದು ಸರಿಯಾಗಿ ಹದಿನೈದು ಸೆಂಟಿಮೀಟರ್ ಹೆಚ್ಚು. ಹದಿನೇಳಕ್ಕೆ ಹದಿನೇಳೂ ಹಾಗೆಯೇ. ನೆಲ ಮೆಟ್ಟಿಲು ಕಟ್ಟಿದ ಹಾಗೂ ಇರುತ್ತದೆಯೇ ಮಾಮಾ?

ಸಂಗಮ್ಮ ಅತ್ತೆಗೆ ನನ್ನ ನಮಸ್ಕಾರ.

ನಿಮ್ಮ
ಅನಸೂಯಾ


ಔರಂಗಾಬಾದ್
೧೬ ಜುಲೈ ೧೯೬೮

ಚಿ. ಅನಸೂಯಾಗೆ ಶಿವರಾಯನ ಆಶೀರ್ವಾದ. ಮಲ್ಲಮ್ಮ ಅಕ್ಕನಿಗೆ ನಮಸ್ಕಾರ ತಿಳಿಸು.

ನನ್ನ ಹಾಳೆಗಳು ನಿನ್ನ ಕೈಗೇ ಬಂದದ್ದು ಕೇಳಿ ನಿನ್ನ ಅತ್ತೆ ಶೀರಾ ಮಾಡಿದಳು. ನಾನು ಭಾಲ್ಕಿ ಬಿಟ್ಟು ನಿಜಾಮರ ಕಾಲದ ಸರ್ವೆ ಇಲಾಖೆಗೆ ಸೇರಿದಾಗ ಇಪ್ಪತ್ತೆರಡು ವರ್ಷ. ಸರಪಳಿ ಹಿಡಿಯುವುದನ್ನು ಉರ್ದುವಿನಲ್ಲಿ ಕಲಿತೆ, ಈಗ ಮರಾಠಿಯಲ್ಲಿ ರಿಪೋರ್ಟು ಬರೆಯುತ್ತೇನೆ, ಲೆಕ್ಕ ಮನಸ್ಸಿನಲ್ಲಿ ಕನ್ನಡದಲ್ಲೇ ಆಗುತ್ತದೆ.

ಬೋರವಸ್ತಿ ಎಲ್ಲೋರಾ ಗುಹೆಗಳ ವೇರೂಳಿನಿಂದ ಆಚೆ ಆರು ಮೈಲಿ. ಮೂವತ್ತೊಂದು ಮನೆ, ತುಂಬ ಬೋರೆಮರ. ರುಕ್ಮಿಣಿಬಾಯಿ ಎಂಬ ವಿಧವೆಯ ಪಡಸಾಲೆಯಲ್ಲಿ ಎರಡು ತಿಂಗಳು ನನ್ನ ಯಂತ್ರದ ಪೆಟ್ಟಿಗೆ ಇತ್ತು. ಆಕೆ ದಿನಾ ಸಂಜೆ ಚಹಾ ಕೊಟ್ಟು, “ಕಾಕಾ, ಇವತ್ತು ನಿಮ್ಮ ಗೆರೆ ಎಲ್ಲಿಯವರೆಗೆ ಬಂತು?” ಎಂದು ಬರುವ ಬೀಗರನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದಳು. ಗೆರೆ ಹಟ್ಟಿಯ ಕೆಳಗೇ ನಿಂತಿತು ಎಂದು ಹೇಳಿದ ದಿನ ಮನೆಮನೆಗೆ ಬೆಲ್ಲ ಹಂಚಿದಳು. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಗೆರೆಗೆ ಬೆಲ್ಲ ಹಂಚಿದವಳು ಆಕೆಯೊಬ್ಬಳೇ.

ನೀನು ಕೇಳಿದ್ದರ ವಿಷಯ. ಬೋರವಸ್ತಿಯ ಹಿಂದೆ ನೆಲ ಸಪಾಟಾಗಿ ಏರುತ್ತದೆ. ಅಂಥ ಕಡೆ ಅಂಕಿಗಳೂ ಹಾಗೆಯೇ ಬರುತ್ತವೆ. ಹೆಚ್ಚು ಯೋಚನೆ ಮಾಡದೆ ಟ್ರೇಸ್ ಮಾಡು.

ನಿನ್ನ ಅಕ್ಷರ ಬಹಳ ಸಣ್ಣ. ಸ್ವಲ್ಪ ದೊಡ್ಡದಾಗಿ ಬರೆ.

ಶಿವರಾಯ


ನಾಸಿಕ
೨೯ ಜುಲೈ ೧೯೬೮

ಮಾಮಾ ಅವರಿಗೆ ನಮಸ್ಕಾರಗಳು.

ನೀವು ಹೇಳಿದಂತೆ ಟ್ರೇಸ್ ಮಾಡುತ್ತ ಹೋದೆ. ಆರನೆಯ ಹಾಳೆಯ ಅಂಚಿನಲ್ಲಿ ನೀರಿನ ಗೆರೆ ಎಲ್ಲಿ ಮುಗಿಯುತ್ತದೆಯೋ ಏಳನೆಯದರಲ್ಲಿ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಏಳರಿಂದ ಎಂಟಕ್ಕೆ ಹೋಗುವಾಗ ಕೂಡುವುದಿಲ್ಲ. ಎಂಟನೆಯ ಹಾಳೆಯ ಗೆರೆ ಎರಡು ಬೆರಳು ಮೇಲೆ ಇದೆ, ಹಟ್ಟಿಯ ಬೆನ್ನಿನ ಕಡೆಗೆ. ಹಾಳೆಯ ಮೇಲಿನ ಎರಡು ಬೆರಳು ಎಂದರೆ ನೆಲದ ಮೇಲೆ ನೂರೈವತ್ತು ಹೆಜ್ಜೆಯಾದರೂ ಆಗುತ್ತದೆ.

ಹರಿದಾಸರಾಯರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, “ಅಂಚಿನಲ್ಲಿ ಇಷ್ಟು ಇರುವುದೇ. ಒಂದು ಚೆಂದದ ಬಾಗು ಕೊಟ್ಟು ಕೂಡಿಸಿಬಿಡಿ. ದೀಪಾವಳಿಗೆ ಮುಂಚೆ ಪ್ರಿಂಟು ಹೋಗಬೇಕು” ಎಂದರು. ನನ್ನ ಕೈ ಬರಲಿಲ್ಲ. ನೀವು ಹೊಲದಲ್ಲಿ ಅಂಕಿ ಬರೆದುಕೊಂಡ ಪುಸ್ತಕವನ್ನು ಒಮ್ಮೆ ಕಳಿಸಿದರೆ ನಾನೇ ಹೊಂದಿಸಿ ನೋಡುತ್ತೇನೆ. ಎಲ್ಲೋ ಒಂದು ಅಂಕಿ ಇಳಿಸಿಕೊಳ್ಳುವಾಗ ತಪ್ಪಿರಬೇಕು, ಅಷ್ಟೇ.

ಅನಸೂಯಾ


ಔರಂಗಾಬಾದ್
೨೦ ಆಗಸ್ಟ್ ೧೯೬೮

ಅನಸೂಯಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಪುಸ್ತಕ ಕಚೇರಿಯ ಕಪಾಟಿನಲ್ಲಿದೆ, ಹೊರಗೆ ಕಳಿಸುವ ಹಾಗಿಲ್ಲ. ಬಿಸಿಲಿನಲ್ಲಿ ನಿಂತು ಅಳೆದವನು ನಾನು, ನೆರಳಿನಲ್ಲಿ ಕೂತು ಗೆರೆ ಎಳೆಯುವವಳು ನೀನು. ಹರಿದಾಸರಾಯರು ಹೇಳಿದಂತೆ ಮಾಡು. ಇದರ ಬಗ್ಗೆ ಇನ್ನು ಬರೆಯಬೇಡ.

ಅಕ್ಷರ ದೊಡ್ಡದಾಗಿ ಬರೆ ಎಂದು ಮೊದಲೇ ಹೇಳಿದ್ದೆ.

ಶಿವರಾಯ


ನಾಸಿಕ
೧೬ ಸೆಪ್ಟೆಂಬರ್ ೧೯೬೮

ಮಾಮಾ ಅವರಿಗೆ ನಮಸ್ಕಾರಗಳು.

ಅಕ್ಷರ ದೊಡ್ಡದು ಮಾಡಿದ್ದೇನೆ. ನಾನು ಕೇಳಿದ ರೀತಿ ಉದ್ಧಟತನವಾಗಿದ್ದರೆ ಕ್ಷಮಿಸಿ. ನಾಲ್ಕು ವಾರ ಪತ್ರ ಬರೆಯಲಿಲ್ಲ, ಕೋಪದಿಂದಲ್ಲ. ಯೋಚಿಸುತ್ತಿದ್ದೆ.

ಈಗ ನನಗೆ ಅರ್ಥವಾಗಿದೆ ಅನ್ನಿಸುತ್ತದೆ. ನೀವು ರುಕ್ಮಿಣಿಬಾಯಿಯ ಬಗ್ಗೆ ಬರೆದ ಪತ್ರವನ್ನು ಮತ್ತೆ ತೆಗೆದು ಓದಿದೆ. ಎರಡು ತಿಂಗಳು ಒಬ್ಬರ ಮನೆಯ ಚಹಾ ಕುಡಿದು ಕೊನೆಗೆ ನಿಮ್ಮ ಮನೆ ಮುಳುಗುತ್ತದೆ ಎಂದು ಹೇಳುವುದು ಯಾರಿಗೆ ಸುಲಭ? ಅಪ್ಪ ತೀರಿದ ಮೇಲೆ ಒಂದು ತಿಂಗಳಲ್ಲಿ ಕ್ವಾರ್ಟರ್ಸು ಬಿಡಿ ಎಂದು ಕಾಗದ ಬಂದಾಗ ಅವ್ವ ಒಲೆಯ ಕಲ್ಲು ಕಿತ್ತು ಟ್ರಂಕಿನಲ್ಲಿ ಇಟ್ಟುಕೊಂಡದ್ದು ನಿಮಗೆ ನೆನಪಿರಬೇಕು. ಆ ಕಾಗದ ಟೈಪು ಮಾಡಿದ ಗುಮಾಸ್ತ ಒಂದು ದಿನ ತಡ ಮಾಡಿದ್ದರೂ ನಾನು ಅವನನ್ನು ದೇವರು ಎನ್ನುತ್ತಿದ್ದೆ.

ದಯೆಯಿಂದ ಮಾಡಿದ್ದರೆ ನನಗೆ ಅಷ್ಟು ಮಾತ್ರ ಬರೆದು ತಿಳಿಸಿ. ನಾನು ಗೆರೆ ಕೂಡಿಸಿ ಸುಮ್ಮನಾಗುತ್ತೇನೆ. ಹಾಳೆ ಪ್ರಿಂಟಿಗೆ ಹೋಗಲು ಹತ್ತು ಹನ್ನೆರಡು ದಿನವಿದೆ. ಇಪ್ಪತ್ತು ಪ್ರತಿ ಹೊರಟ ಮೇಲೆ ಅದೇ ಸತ್ಯವಾಗುತ್ತದೆ, ಆಮೇಲೆ ನೆಲವೇ ಬಂದು ಹೇಳಿದರೂ ಯಾರೂ ಕೇಳುವುದಿಲ್ಲ.

ಅನಸೂಯಾ


ಔರಂಗಾಬಾದ್
೨೪ ಸೆಪ್ಟೆಂಬರ್ ೧೯೬೮

ಚಿ. ಅನಸೂಯಾಗೆ ಆಶೀರ್ವಾದ.

ನೀನು ಊಹಿಸಿದ್ದು ನಿಜ. ಅವರ ಮುಖ ನೋಡಿ ನನ್ನ ಕೈ ಬಾಗಿತು. ಇಷ್ಟು ವರ್ಷದಲ್ಲಿ ಒಂದು ಸಲ. ನೀರು ಅಲ್ಲಿಯವರೆಗೆ ಬರುವುದೂ ಇಲ್ಲ, ಅಣೆ ತುಂಬುವುದು ಹತ್ತು ವರ್ಷಕ್ಕೊಮ್ಮೆ. ನೀನು ತಿಳಿವಳಿಕೆಯುಳ್ಳವಳು. ಗೆರೆ ಕೂಡಿಸಿ ಕಳಿಸಿಬಿಡು. ರುಕ್ಮಿಣಿಬಾಯಿಯ ಮನೆ ಉಳಿಯಲಿ. ಇಲ್ಲಿ ಸಂಗಮ್ಮ ಕ್ಷೇಮ, ನಾನೂ ಕ್ಷೇಮ.

ಶಿವರಾಯ


ನಾಸಿಕ
೩೦ ಸೆಪ್ಟೆಂಬರ್ ೧೯೬೮

ಮಾಮಾ,

ನಿಮ್ಮ ಪತ್ರ ಶುಕ್ರವಾರ ಬಂತು. ಓದಿ ಕಣ್ಣು ತುಂಬಿತು. ಅದನ್ನು ಕುಪ್ಪಸದಲ್ಲಿಟ್ಟುಕೊಂಡೇ ಕಚೇರಿಗೆ ಹೋಗಿ ಏಳನೆಯ ಹಾಳೆಯ ಗೆರೆಯನ್ನು ಎಂಟಕ್ಕೆ ಕೂಡಿಸಿದೆ. ಹರಿದಾಸರಾಯರು ಬಾಗು ಚೆನ್ನಾಗಿ ಬಂದಿದೆ ಎಂದರು.

ಸಂಜೆ ಅವ್ವನಿಗೆ ಓದಿ ಹೇಳಲು ಮತ್ತೆ ಬಿಡಿಸಿದೆ. ಕೊನೆಯ ಕಡೆ ಎರಡು ಸಾಲು ಒಂದರ ಮೇಲೊಂದು ಬಿದ್ದಿದ್ದವು. ಬೆಳಿಗ್ಗೆ ಅವಸರದಲ್ಲಿ ಅರ್ಥ ಮಾಡಿಕೊಂಡು ಓದಿಬಿಟ್ಟಿದ್ದೆ. ಭೂತಗನ್ನಡಿ ಹಿಡಿದು ನೋಡಿದೆ. ‘ರುಕ್ಮಿಣಿಬಾಯಿಯ ಮನೆ ಉಳಿಯಲಿ’ ಎಂದು ಬರೆದದ್ದರ ಮೇಲೆಯೇ ‘ಸಂಗಮ್ಮ ಕ್ಷೇಮ’ ಎಂದು ಬರೆದಿದ್ದೀರಿ. ಹೊರಗಿನ ವಿಳಾಸದ ಮೇಲೆ ಅಂಚೆ ಚೀಟಿಯನ್ನೇ ಅಂಟಿಸಿದ್ದೀರಿ. ಆಮೇಲೆ ಈ ವರ್ಷದ ನಿಮ್ಮ ಪತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ದಿನವೂ ಗೆರೆಗಳನ್ನೇ ನೋಡುವವಳು ನಾನು, ಇಷ್ಟು ತಡವಾಗಬಾರದಿತ್ತು.

ನಿಮಗೆ ಕಣ್ಣು ಕಾಣುತ್ತಿಲ್ಲ. ಅಳತೆಯ ಕೋಲಿನ ಅಂಕಿ ನಿಮಗೆ ಕಾಣಲಿಲ್ಲ. ಹದಿನೇಳು ಕಡೆಯೂ ಅಂದಾಜಿನಲ್ಲಿ ಬರೆದಿರಿ. ದಯೆ ಎಂಬ ಮಾತನ್ನು ನಾನೇ ನಿಮ್ಮ ಕೈಗೆ ಕೊಟ್ಟೆ, ನೀವು ಅದನ್ನು ಹಿಡಿದುಕೊಂಡಿರಿ.

ನಾನು ಬೈಯುತ್ತಿಲ್ಲ ಮಾಮಾ. ಆದರೆ ಅಲ್ಲಿ ನೆಲ ನಿಜವಾಗಿ ಹೇಗಿದೆ ಎಂಬುದು ಈಗ ಯಾರಿಗೂ ಗೊತ್ತಿಲ್ಲ. ಮೂವತ್ತೊಂದು ಮನೆಯವರು ಬೆಲ್ಲ ತಿಂದು ನೆಮ್ಮದಿಯಾಗಿ ಮಲಗಿದ್ದಾರೆ.

ಹದಿನಾಲ್ಕರಿಂದ ಒಂದು ವಾರ ರಜೆ ಹಾಕಿದ್ದೇನೆ. ಬೆಳಗಿನ ಎಸ್.ಟಿ. ಬಸ್ಸಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇನೆ. ಯಂತ್ರ ಎಲ್ಲಿ ನಿಲ್ಲಿಸಬೇಕೆಂದು ನೀವು ಹೇಳಿ, ಅಂಕಿ ನಾನು ಓದುತ್ತೇನೆ. ಹಾಳೆ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಹೇಗೆ ಎಂದು ಕೇಳಬೇಡಿ.

ಅನಸೂಯಾ


ಔರಂಗಾಬಾದ್
೧ ಡಿಸೆಂಬರ್ ೧೯೬೮

ಚಿ. ಅನಸೂಯಾಗೆ ಆಶೀರ್ವಾದ.

ನೀನು ಹೋದ ಮೇಲೆ ಬರೆಯಲು ಒಂದೂವರೆ ತಿಂಗಳು ಬೇಕಾಯಿತು. ಈ ಪತ್ರವನ್ನು ರಟ್ಟಿನ ಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ, ಒಂದು ಸಾಲು ಮುಗಿದರೆ ಪಟ್ಟಿಯನ್ನು ಕೆಳಗೆ ಸರಿಸುತ್ತೇನೆ. ನಿನ್ನ ಅತ್ತೆ ಹೇಳಿಕೊಟ್ಟ ಉಪಾಯ.

ನಾವಿಬ್ಬರೂ ಬೋರವಸ್ತಿಯಲ್ಲಿ ಮತ್ತೆ ಅಳೆದ ಹಾಳೆಯನ್ನು ಬೀರುವಿನಲ್ಲಿಟ್ಟು ಎಂಟು ದಿನ ಕಚೇರಿಗೆ ಹೋಗಿ ಬಂದೆ. ಒಂಬತ್ತನೆಯ ದಿನ ಸಂಗಮ್ಮ ಡಬ್ಬಿ ಕಟ್ಟಿ ಕೈಗೆ ಕೊಡುತ್ತ, “ದಿನಾ ಹೇಳ್ತೀನಿ ಅಂತ ಹೋಗ್ತೀರಿ, ಹೇಳದೇ ಬರ್ತೀರಿ. ಇವತ್ತು ಹೇಳದಿದ್ರ ನಾನೇ ಬಂದು ಹೇಳ್ತೀನಿ ನೋಡ್ರಿ” ಅಂದಳು. ಅವಳು ಬಂದರೆ ಏನೇನು ಹೇಳುತ್ತಾಳೋ ಎಂದು ಹೆದರಿ ನಾನೇ ಹೋದೆ.

ಎಂಜಿನಿಯರ್ ಸಾಹೇಬರ ಮೇಜಿನ ಮೇಲೆ ಎರಡೂ ಹಾಳೆ ಇಟ್ಟೆ. “ಇದು ಮಾರ್ಚಿನದು, ಇದು ಮೊನ್ನೆಯದು. ಮಾರ್ಚಿನದು ಸುಳ್ಳು” ಎಂದೆ.

“ತಪ್ಪಾಗಿದೆ ಎನ್ನುತ್ತೀರಾ?”

“ತಪ್ಪಲ್ಲ ಸಾಹೇಬ, ಸುಳ್ಳು. ಹದಿನೇಳು ಕಡೆ ಕೋಲಿನ ಅಂಕಿ ನನಗೆ ಕಾಣಲಿಲ್ಲ. ಕಾಣದ್ದನ್ನು ಕಂಡ ಹಾಗೆ ಬರೆದೆ.”

ಅವರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಎಳೆದುಕೊಂಡು ನೋಡಿದರು. ಆಮೇಲೆ, “ಮೊನ್ನೆ ಓದಿದವರು ಯಾರು?” ಎಂದರು. ನನ್ನ ಅಕ್ಕನ ಮಗಳು, ನಾಸಿಕದಲ್ಲಿ ಟ್ರೇಸರ್ ಎಂದೆ. ಅದು ಇಲಾಖೆಗೆ ನಡೆಯುವುದಿಲ್ಲ ಎಂದು ಬೇರೆ ಸರ್ವೇಯರನನ್ನು ಕಳಿಸಿದರು. ಅವನ ಅಂಕಿಗೂ ನಿನ್ನ ಅಂಕಿಗೂ ಹೆಚ್ಚೆಂದರೆ ಎರಡು ಸೆಂಟಿಮೀಟರ್ ವ್ಯತ್ಯಾಸ. ಹಟ್ಟಿಯ ಬೆನ್ನಿಗೆ ನೀನು ಕಂಡ ತಗ್ಗು ಇದ್ದೇ ಇದೆ, ನೀರಿನ ಮಟ್ಟಕ್ಕಿಂತ ಒಂದು ಮೀಟರಿಗೂ ಕೆಳಗೆ. ಮುಂದಿನಿಂದ ಬಾರದ ನೀರು ಹಿಂದಿನಿಂದ ಸುತ್ತಿ ಬರುತ್ತದೆ. ಹನ್ನೊಂದು ಮನೆ ಮಾತ್ರ ದಿಬ್ಬದ ಮೇಲೆ, ನೀರಿಗಿಂತ ಒಂದು ಗೇಣು ಎತ್ತರದಲ್ಲಿ ಉಳಿಯುತ್ತವೆ, ಸುತ್ತ ನೀರು. ಹಾಗಾಗಿ ಪೂರ್ತಿ ಬೋರವಸ್ತಿ ಗೆರೆಯ ಒಳಗೆ.

ಕಣ್ಣಿನ ವಿಷಯ ನಿನಗೆ ಹೇಳಿರಲಿಲ್ಲ. ಮೋತಿಬಿಂದು, ಅಂದರೆ ಪೊರೆ, ಇರಬಹುದು, ಬಲಿತ ಮೇಲೆ ತೆಗೆಸಿದರಾಯಿತು ಎಂದು ಎರಡು ವರ್ಷ ಸುಮ್ಮನಿದ್ದೆ. ಹೊಲದ ಕೆಲಸದಿಂದ ತೆಗೆದುಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಎಂಬ ಭಯ. ಈಗ ಡಾಕ್ಟರು ಇದು ಕಾಚಬಿಂದು, ಕಣ್ಣಿನ ನರವನ್ನೇ ತಿನ್ನುವ ರೋಗ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಮೊದಲೇ ಬಂದಿದ್ದರೆ ಎಂದು ಏನೋ ಹೇಳಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು. ಮಾರ್ಚ್ ತನಕ ರೆಕಾರ್ಡು ಕೋಣೆಯಲ್ಲಿ ಕೂರಬೇಕು, ಆಮೇಲೆ ನಿವೃತ್ತಿ.

ಬೋರವಸ್ತಿಯ ಚಾವಡಿಯಲ್ಲಿ ನೋಟೀಸು ಅಂಟಿಸಿದ ದಿನ ನಾನೂ ಹೋಗಿದ್ದೆ. ಯಾರೂ ಕೂಗಾಡಲಿಲ್ಲ. ಯಾರೂ ಚಹಾಕ್ಕೂ ಕರೆಯಲಿಲ್ಲ. ರುಕ್ಮಿಣಿಬಾಯಿ ತನ್ನ ಪಡಸಾಲೆಯಲ್ಲಿ ನಿಂತಿದ್ದಳು, ನಾನು ನಮಸ್ಕಾರ ಎಂದಾಗ ಒಳಗೆ ಹೋದಳು. ಆಕೆಗೆ ಆ ತಗ್ಗಿನ ವಿಷಯ ತಿಳಿಸಿ ಹೇಳುವವರು ಯಾರೂ ಇಲ್ಲವಲ್ಲ ಎಂದು ನನಗೆ ಕೆಡುಕೆನಿಸುತ್ತದೆ.

ಶಿವರಾಯ


ನಾಸಿಕ
೧೨ ಡಿಸೆಂಬರ್ ೧೯೬೮

ಮಾಮಾ ಅವರಿಗೆ ನಮಸ್ಕಾರಗಳು.

ನೀವು ಎಲ್ಲವನ್ನೂ ಬರೆದ ಮೇಲೆ ನಾನು ಮುಚ್ಚಿಟ್ಟುಕೊಳ್ಳುವುದು ಸರಿಯಲ್ಲ.

ಒಂದನೆಯದು. ನಿಮ್ಮ ಕಣ್ಣಿನ ಸಂಗತಿ ತಿಳಿದ ಮರುದಿನ ಕಚೇರಿಗೆ ಹೋದಾಗ ಏಳನೆಯ ಹಾಳೆಯನ್ನು ಪ್ರಿಂಟಿಗೆ ಸುತ್ತಿಟ್ಟಿದ್ದರು. ಮತ್ತೊಮ್ಮೆ ನೋಡುತ್ತೇನೆ ಎಂದು ಬಿಡಿಸಿ, ಕುಡಿಯುವ ನೀರಿನ ಲೋಟ ಅದರ ಮೇಲೆ ಚೆಲ್ಲಿದೆ. ಟ್ರೇಸಿಂಗ್ ಬಟ್ಟೆಗೆ ನೀರು ತಾಗಿದರೆ ಗಂಜಿ ಬಿಟ್ಟು ಮುದುಡಿಹೋಗುತ್ತದೆ, ನಿಮಗೆ ಗೊತ್ತು. ಕೈ ಜಾರಿತು ಎಂದೆ. ಹರಿದಾಸರಾಯರು ಮೆಮೊ ಬರೆದು ಕೊಟ್ಟರು. ನಾಲ್ಕು ವರ್ಷದಲ್ಲಿ ನನ್ನ ಮೊದಲ ಮೆಮೊ. ಅವರು ಸಾಯಂಕಾಲ ಹೊರಡುವಾಗ ನನ್ನ ಮೇಜಿನ ಬಳಿ ನಿಂತು, “ಅನಸೂಯಾಬಾಯಿ, ನಿಮ್ಮ ಕೈ ಜಾರುವ ಕೈ ಅಲ್ಲ” ಎಂದು ಹೇಳಿ ಹೋದರು.

ಎರಡನೆಯದು. ಅಂದು ಬೋರವಸ್ತಿಯಲ್ಲಿ ನಾನು ಮೊದಲ ಸಲ ಯಂತ್ರದ ದುರ್ಬೀನಿಗೆ ಕಣ್ಣು ಹಚ್ಚಿದಾಗ, ಆ ಗಾಜಿನಲ್ಲಿ ಎಲ್ಲವೂ ತಿರುಗಿಯೇ ಕಾಣುತ್ತದೆ ಎಂದು ಗೊತ್ತಿಲ್ಲದೆ, ಕೋಲು ತಲೆಕೆಳಗಾಗಿ ಕಂಡು ಹಿಂದೆ ಸರಿದಿದ್ದೆ. ನೀವು ನನ್ನ ಭುಜ ಹಿಡಿದು, “ಅಂಕಿ ಅಷ್ಟೇ ನೋಡು, ಮನಿ ನೋಡಬ್ಯಾಡ” ಎಂದಿರಿ. ನನಗೆ ಮನೆಗಳೂ ಕಂಡವು. ಒಣಹಾಕಿದ ಲುಗಡೆ ಸೀರೆ, ಬಾಗಿಲಲ್ಲಿ ಕೂತು ಶೇಂಗಾ ಸುಲಿಯುವ ಮುದುಕಿ, ಎಲ್ಲವೂ ತಲೆಕೆಳಗು. ಇಷ್ಟು ವರ್ಷ ಹಾಳೆಯ ಮೇಲೆ ಒಂದು ಕಪ್ಪು ಚೌಕ ಹಾಕಿ ಮನೆ ಎಂದು ಮುಂದೆ ಹೋಗುತ್ತಿದ್ದೆ.

ಮೂರನೆಯದನ್ನು ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಕೊನೆಯ ದಿನ ನೀವು ಮುಕ್ಕಾಲಿ ಮಡಚುತ್ತಿದ್ದಾಗ ರುಕ್ಮಿಣಿಬಾಯಿ ನನ್ನ ಹತ್ತಿರ ಬಂದಳು. ನಾನು ತಗ್ಗಿನ ವಿಷಯ ಬಿಡಿಸಿ ಹೇಳಿದೆ. ಆಕೆ ನಕ್ಕಳು. “ನನಗೆ ಗೊತ್ತಿಲ್ಲವೇ ಪೋರಿ? ಪ್ರತಿ ಮಳೆಗಾಲ ನನ್ನ ಎಮ್ಮೆ ಅಲ್ಲೇ ಹೊರಳುತ್ತದೆ. ಕಾಕಾ ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಮೊದಲಿನ ಗೆರೆ ಚೆನ್ನಾಗಿತ್ತು” ಎಂದಳು. ಆಮೇಲೆ ನನ್ನ ಕೈ ಹಿಡಿದು, “ನೀನು ಕಣ್ಣು ಮುಚ್ಚಿಕೊಂಡು ಓದಬಾರದಿತ್ತೇ?” ಎಂದಳು.

ಮಾಮಾ, ಆಕೆಗೆ ನಾವು ತಿಳಿಸಿ ಹೇಳಬೇಕಾದದ್ದು ಏನೂ ಇಲ್ಲ.

ಅನಸೂಯಾ


ಔರಂಗಾಬಾದ್
೩ ಸೆಪ್ಟೆಂಬರ್ ೧೯೭೨

ಚಿ. ಅನಸೂಯಾಗೆ ಆಶೀರ್ವಾದ.

ಈಗ ಬಲಗಣ್ಣಿನ ಮಧ್ಯದಲ್ಲಿ ಒಂದು ರೂಪಾಯಿಯಷ್ಟು ಬೆಳಕು ಉಳಿದಿದೆ. ಅದರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಅಣೆ ಮುಗಿದು ಎರಡು ವರ್ಷ. ಈ ವರ್ಷ ಮಳೆಯೇ ಇಲ್ಲ ಎಂಬುದು ನಿನಗೂ ಗೊತ್ತು. ಜಲಾಶಯದಲ್ಲಿ ಎಲ್ಲೆಡೆ ಬಿರುಕು ಬಿಟ್ಟ ಮಣ್ಣು, ನಡುವೆ ಒಂದಿಷ್ಟು ನೀರು. ಬೋರವಸ್ತಿಯವರನ್ನು ರಸ್ತೆಯ ಬದಿಯ ಹೊಸ ಊರಿಗೆ ಕಳಿಸಿ ಮೂರು ವರ್ಷವಾಯಿತು. ಅವರಲ್ಲಿ ಕೆಲವರು ದಿನಾ ನಡೆದುಕೊಂಡು ಹಳೆಯ ಅಂಗಳಕ್ಕೆ ಹೋಗಿ ಬೋರೆಮರದ ಕೆಳಗೆ ಕೂತು ಬರುತ್ತಾರಂತೆ. ನೀರು ಗೆರೆಯಿಂದ ಹನ್ನೆರಡು ಮೀಟರ್ ಕೆಳಗಿದೆ.

ನೀರು ಬರದೇ ಹೋದರೆ ಅನಸೂಯಾ? ನಮ್ಮ ಅಂಕಿ ಸರಿ, ಗೆರೆ ಸರಿ, ಆದರೆ ನೀರು ಬರಲೇ ಇಲ್ಲ ಎಂದಾದರೆ ಅವರನ್ನು ಎಬ್ಬಿಸಿದ್ದು ಯಾವ ಲೆಕ್ಕ? ಬರಲಿ ಎಂದು ಬೇಡಿಕೊಳ್ಳಲೂ ನಾಚಿಕೆಯಾಗುತ್ತದೆ.

ಶಿವರಾಯ


ನಾಸಿಕ
೧೧ ಸೆಪ್ಟೆಂಬರ್ ೧೯೭೨

ಮಾಮಾ,

ನನಗೆ ಒಂದೇ ಗೊತ್ತು, ೧೯೬೮ರಲ್ಲಿ ನಾವು ಸುಮ್ಮನಿದ್ದಿದ್ದರೆ ಪ್ರತಿ ಮಳೆಗಾಲವೂ ನಾನು ಆಕಾಶ ನೋಡಿ ಹೆದರುತ್ತಿದ್ದೆ. ಈಗ ಮಳೆಗಾಗಿ ಎಲ್ಲರಂತೆ ಕಾಯಬಲ್ಲೆ.

ಔಷಧಿ ತಪ್ಪಿಸಬೇಡಿ.

ಅನಸೂಯಾ


ಔರಂಗಾಬಾದ್
೫ ಅಕ್ಟೋಬರ್ ೧೯೭೫

ಚಿ. ಅನಸೂಯಾಗೆ ಆಶೀರ್ವಾದ. ಇದನ್ನು ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ನಿನ್ನ ಅತ್ತೆ. (ಹೌದವ್ವಾ, ನಾಕನೇತ್ತ ಓದಿದ ಕೈ. ತಪ್ಪಿದ್ರ ನಗಬ್ಯಾಡ. ಭಾಳ ಬ್ಯಾಗ ಹೇಳ್ಲಕತ್ತಾರ ನಿನ್ನ ಮಾಮಾ. ಸಂಗಮ್ಮ.)

ಅಣೆ ತುಂಬಿದ್ದು ನೀನೂ ಕೇಳಿರಬೇಕು. ಹೋದ ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಸಂಗಮ್ಮ ಯಾರು ಎಂದು ಕೇಳುವ ಮೊದಲೇ ನನಗೆ ಧ್ವನಿ ಗೊತ್ತಾಯಿತು. ರುಕ್ಮಿಣಿಬಾಯಿ. ಏಳು ವರ್ಷದಲ್ಲಿ ಮೊದಲ ಸಲ. ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು.

“ಕಾಕಾ, ನೀರು ಹಿಂದಿನಿಂದಲೇ ಬಂತು” ಎಂದಳು.

ಏಳು ವರ್ಷ ಈ ಮಾತು ಕೇಳಲು ಕಾದಿದ್ದೆ. “ಎಲ್ಲ ಮುಳುಗಿತೇ?” ಎಂದೆ. ದಿಬ್ಬವನ್ನೂ ನೆರೆ ಬಿಡಲಿಲ್ಲವಂತೆ, ಅಲ್ಲಿಯ ಮನೆಗಳ ಗೋಡೆ ಎರಡು ದಿನ ಕಂಡವಂತೆ, ಮಣ್ಣಿನವು, ಆಮೇಲೆ ಕುಸಿದವು.

ನನ್ನನ್ನು ಕ್ಷಮಿಸಲು ಬಂದಳೇ, ಬೈಯಲು ಬಂದಳೇ ಎಂದು ನಾನು ಯೋಚಿಸುತ್ತಿದ್ದೆ. ಎರಡೂ ಅಲ್ಲ. ಸಂಗಮ್ಮ ಕೊಟ್ಟ ಚಹಾ ಕುಡಿದು ಬಸಿ ಕೆಳಗಿಟ್ಟು ಹೇಳಿದಳು: “ನನ್ನ ಸೊಸೆ ಹೊಸ ಊರಿಗೆ ಬಂದವಳು. ನಮ್ಮ ಮನೆ ಎಲ್ಲಿತ್ತು ಅತ್ಯಾಬಾಯಿ ಎಂದು ಕೇಳಿದಳು. ನಾನು ದಂಡೆಯ ಮೇಲೆ ನಿಂತು ಕೈ ತೋರಿಸಿದೆ. ಕೈ ತೋರಿಸಿದ ಕಡೆಯೆಲ್ಲ ನೀರೇ. ನನಗೇ ಗುರುತು ಸಿಗಲಿಲ್ಲ ಕಾಕಾ. ನೀವು ಆಗ ನಮ್ಮ ಮನೆಗಳನ್ನೆಲ್ಲ ಕಾಗದದ ಮೇಲೆ ಇಟ್ಟುಕೊಂಡಿರಲ್ಲ, ಅದರ ನಕಲು ಕೊಡಿ.”

ಕಚೇರಿಯ ಹಾಳೆ ಹೊರಗಿನವರಿಗೆ ಸಿಗುವುದಿಲ್ಲ. ನಾನೂ ಈಗ ಹೊರಗಿನವನೇ. ಆದರೆ ಆ ಹಟ್ಟಿಯಲ್ಲಿ ನಾನು ಎರಡು ತಿಂಗಳು ಸರಪಳಿ ಎಳೆದಿದ್ದೇನೆ. ಕಣ್ಣು ಹೋದ ಮೇಲೆ ಅದು ಇನ್ನೂ ಸ್ಪಷ್ಟವಾಗಿದೆ. ಬಾವಿಯಿಂದ ಶುರು ಮಾಡಿ ಮೂವತ್ತೊಂದು ಮನೆ, ಒಂದರಿಂದ ಒಂದಕ್ಕೆ ಎಷ್ಟು ಹೆಜ್ಜೆ, ಯಾವ ದಿಕ್ಕು, ಯಾರ ಅಂಗಳದಲ್ಲಿ ಯಾವ ಮರ, ಎಲ್ಲವನ್ನೂ ಸಂಗಮ್ಮ ಮೂರು ದಿನ ಕೂತು ಬರೆದುಕೊಂಡಿದ್ದಾಳೆ. ಒಂಬತ್ತು ಪುಟ ಇದರ ಜೊತೆಗಿದೆ. ಹತ್ತೊಂಬತ್ತನೆಯ ಮನೆಯವರ ಹೆಸರು ಮಾತ್ರ ನೆನಪಾಗಲಿಲ್ಲ. ನೀನು ಎಳೆದು ಕೊಡು.

(ಅವ್ವಾ, ಆಕೀಗಿ ಮತ್ತೊಂದು ಕಪ್ ಚಾ ಕೊಟ್ಟೀನಿ. ಕುಡದಳು. ಸಂಗಮ್ಮ.)


ನಾಸಿಕ
೨ ನವೆಂಬರ್ ೧೯೭೫

ಮಾಮಾ ಮತ್ತು ಅತ್ತೆಗೆ ನಮಸ್ಕಾರಗಳು.

ನಕ್ಷೆಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಹರಿದಾಸರಾಯರು ನಿವೃತ್ತರಾಗುವಾಗ ನನಗೆ ಕೊಟ್ಟ ಒಂದು ತುಂಡು ಒಳ್ಳೆಯ ಟ್ರೇಸಿಂಗ್ ಬಟ್ಟೆ ಇತ್ತು, ಅದರ ಮೇಲೆ ಭಾನುವಾರಗಳಂದು ಮನೆಯಲ್ಲೇ ಕೂತು ಎಳೆದೆ. ಅತ್ತೆ ಬರೆದ ಒಂಬತ್ತು ಪುಟದಲ್ಲಿ ಒಂದು ಹೆಜ್ಜೆಯೂ ಗೊಂದಲವಿಲ್ಲ. ಬಾವಿಯಿಂದ ಹೊರಟು ಮೂವತ್ತೊಂದು ಮನೆ ಸುತ್ತಿ ಬಂದರೆ ಗೆರೆ ಮತ್ತೆ ಬಾವಿಗೇ ಕೂಡಿತು.

ಮನೆಗೆ ಕಪ್ಪು ಚೌಕ ಹಾಕಲಿಲ್ಲ. ಗೋಡೆ, ಬಾಗಿಲು, ಪಡಸಾಲೆ ಇಟ್ಟಿದ್ದೇನೆ. ಹೆಸರುಗಳನ್ನು ಮರಾಠಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಹತ್ತೊಂಬತ್ತನೆಯ ಮನೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಊಹಿಸಿ ಬರೆಯುವುದು ಬೇಡ. ನೀರಿನ ಗೆರೆ ಎಳೆದಿಲ್ಲ. ಬೇಕೆಂದು ಅವರು ಕೇಳಿಲ್ಲ.

ಅನಸೂಯಾ


ಔರಂಗಾಬಾದ್
೨೩ ನವೆಂಬರ್ ೧೯೭೫

ಚಿ. ಅನಸೂಯಾಗೆ ಆಶೀರ್ವಾದ. ಬರೆಯುವವಳು ಸಂಗಮ್ಮ.

ನಕ್ಷೆ ತೆಗೆದುಕೊಂಡು ನಾವಿಬ್ಬರೂ ಹೊಸ ಊರಿಗೆ ಹೋಗಿದ್ದೆವು. ರುಕ್ಮಿಣಿಬಾಯಿಯ ಮನೆಯ ಮುಂದೆ ಚಾಪೆಯ ಮೇಲೆ ಹಾಸಿದೆವು. ಹತ್ತು ನಿಮಿಷದಲ್ಲಿ ಊರೇ ಸೇರಿತು. ನನಗೆ ಕಾಣುವುದಿಲ್ಲವಲ್ಲ, ಏನಾಗುತ್ತಿದೆ ಎಂದು ಸಂಗಮ್ಮನ ಕೈ ಒತ್ತಿದೆ. “ಬೆರಳಲೆ ದಾರಿ ಹಿಡ್ಕೊಂಡು ಹೋಗ್ಲಕತ್ತಾರ್ರೀ, ಮನಿ ಹುಡುಕ್ಲಕತ್ತಾರ” ಎಂದಳು.

ಆಮೇಲೆ ಗದ್ದಲ ಶುರುವಾಯಿತು. “ಈ ಗೋಡೆ ನಿಮ್ಮದಲ್ಲ, ನಮ್ಮದು.” “ಇಲ್ಲಿ ಬೇವು ಎಲ್ಲಿತ್ತು, ಹುಣಸೆ!” “ಕಾಕಾ, ನಮ್ಮ ಕೊಟ್ಟಿಗೆ ನುಂಗಿಬಿಟ್ಟಿರಲ್ಲ!” ಒಬ್ಬ ಮುದುಕ ಬಾವಿಯ ಮೆಟ್ಟಿಲು ಎಡಗಡೆಗೆ ಇತ್ತು ಎಂದು ಪಟ್ಟು ಹಿಡಿದ, ಮೂವರು ಬಲಗಡೆ ಎಂದರು, ಕೊನೆಗೆ ಮುದುಕನೇ ಗೆದ್ದ. ಹತ್ತೊಂಬತ್ತನೆಯ ಮನೆ ಸೂಲಗಿತ್ತಿ ಗೋದಾವರಿಯದಂತೆ. ಅಲ್ಲಿದ್ದವರಲ್ಲಿ ಅರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರು. ನನಗೆ ಹೇಗೆ ಮರೆತುಹೋಯಿತೋ.

ಇಷ್ಟು ಜನ ಒಟ್ಟಿಗೆ ನನ್ನ ತಪ್ಪು ಹಿಡಿದದ್ದು ಇದೇ ಮೊದಲು. ನಾನು ಒಂದಕ್ಕೂ ವಾದ ಮಾಡಲಿಲ್ಲ. ಹೇಳಿದ್ದನ್ನೆಲ್ಲ ಸಂಗಮ್ಮನಿಂದ ಬರೆಸಿದೆ. ಮಧ್ಯಾಹ್ನ ಯಾರೋ ಭಾಕರಿ ತಂದರು, ಯಾರೋ ಚಟ್ನಿ ತಂದರು.

ಒಟ್ಟು ಹನ್ನೊಂದು ತಿದ್ದುಪಡಿ, ಬೇರೆ ಹಾಳೆಯಲ್ಲಿದೆ. ರುಕ್ಮಿಣಿಬಾಯಿಯದನ್ನು ಮೊದಲು ಮಾಡು. ಆಕೆಯ ಬಾಗಿಲು ಪೂರ್ವಕ್ಕೆ, ನಾವು ಉತ್ತರಕ್ಕೆ ಇಟ್ಟಿದ್ದೇವೆ. ಆ ಮನೆಯಲ್ಲಿ ಬೆಳಗಿನ ಬಿಸಿಲು ಒಲೆಯ ತನಕ ಬರುತ್ತಿತ್ತಂತೆ. ಬಸ್ಸಿನ ತನಕ ನನ್ನ ಕೈ ಹಿಡಿದು ನಡೆಸಿಕೊಂಡು ಬಂದು ಅದೊಂದನ್ನೇ ಎರಡು ಸಲ ಹೇಳಿದಳು.

ತಿದ್ದಿ ಬೇಗ ಕಳಿಸು. ಕಾಯುತ್ತಿದ್ದಾರೆ.

ಶಿವರಾಯ